ಚಿರಾಯುಗಳ ಫ್ಲೆಕ್ಸು

ಎಲ್ಲದಕ್ಕೂ ಕಾರಣ ಆ ಒಂದು ಹಿನ್ನೆಲೆ. ಕುಷ್ಟಗಿಯ ರಫೀಯ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಮದುವೆಗೆ ನವಿಲು, ಹುಟ್ಟುಹಬ್ಬಕ್ಕೆ ಗುಲಾಬಿ ಇದ್ದವು. ನೀಲಿ ಆಕಾಶ, ನಕ್ಷತ್ರ, ಮೇಲಿನಿಂದ ಇಳಿಯುವ ಬೆಳಕು ಇದ್ದದ್ದು ಒಂದೇ ಒಂದು. ಅದು ಊರಿನಲ್ಲಿ ತೀರಿಕೊಂಡವರಿಗೆ ಮೀಸಲು. ನಾಲ್ಕು ವರ್ಷದಿಂದ ಅಲ್ಲಿ ಡಿಸೈನ್ ಮಾಡುತ್ತಿದ್ದ ಕಲ್ಲೇಶನಿಗೆ ಇದು ಗೊತ್ತಿತ್ತು. ಆದರೆ ಚಿರಾಯುಗಳ ವಿಷಯ ಬಂದರೆ ಅವನಿಗೆ ಗೊತ್ತಿದ್ದದ್ದೂ ಮರೆಯುತ್ತಿತ್ತು.

ಚಿರಾಯುಗಳೆಂದರೆ ಅವನು ಎಂಟು ವರ್ಷದಿಂದ ಬರೆದು ಬಿಡಿಸುತ್ತಿದ್ದ ಕಾಮಿಕ್ಸ್ ಕತೆಯ ಮಂದಿ. ಸಾವಿಲ್ಲದ ಕುಲ. ನಕ್ಷತ್ರಗಳ ನಡುವೆ ಕೂತು ಭೂಮಿಯನ್ನು ನೋಡುತ್ತಾರೆ. ಯಾರಾದರೂ ತಲೆಯೆತ್ತಿ ಮಾತಾಡಿಸುವವರೆಗೆ ತಾವಾಗಿ ಬಾಯಿ ಬಿಡುವಂತಿಲ್ಲ. ಅದು ಅವರ ಕಟ್ಟಳೆ. ಹೀಗಾಗಿ ಹತ್ತು ಸಾವಿರ ವರ್ಷದಿಂದ ಸುಮ್ಮನೆ ಕಾಯುತ್ತಿದ್ದಾರೆ. ಈ ಕತೆಯನ್ನು ಇವತ್ತಿನವರೆಗೆ ಒಬ್ಬರೂ ಓದಿರಲಿಲ್ಲ.

ಕೊನೆಗೆ ಹೊಸಪೇಟೆಯ ಮಕ್ಕಳ ಮಾಸಿಕವೊಂದರ ಸಂಪಾದಕಿ ಮುಬಾಶಿರಾ ಪತ್ರ ಬರೆದಿದ್ದಳು: ಭಾನುವಾರ ಮೂರಕ್ಕೆ ಗ್ರಂಥಾಲಯಕ್ಕೆ ಬರುತ್ತೇನೆ, ಹಾಳೆಗಳನ್ನು ನೋಡುತ್ತೇನೆ, ಹಿಡಿಸಿದರೆ ಧಾರಾವಾಹಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಗುರುತು ಸಿಗಲೆಂದು ಕಲ್ಲೇಶ ಒಂದು ಫ್ಲೆಕ್ಸ್ ಮಾಡಿದ. ಚಿರಾಯುಗಳ ಹಿರಿಯನಿಗೆ ಅವನು ಓಣಿಯ ನಿವೃತ್ತ ಹೆಡ್‌ಮಾಸ್ತರ ಕೊಟ್ರಬಸಪ್ಪನವರ ಮುಖ ಕೊಟ್ಟಿದ್ದ. ಅಂಥ ಹುಬ್ಬು ಈ ಲೋಕದ್ದೆಂದು ಅವನಿಗೆ ಅನ್ನಿಸಿರಲೇ ಇಲ್ಲ. ಮೇಲೆ ದೊಡ್ಡದಾಗಿ ಕತೆಯ ಹೆಸರು, ನಡುವೆ ಮಾಸ್ತರ ಮುಖ, ತಲೆಯ ಸುತ್ತ ಬೆಳಕು, ಕೆಳಗೆ 'ಕಲ್ಲೇಶ, ಕುಷ್ಟಗಿ'. ಬೆಳಿಗ್ಗೆ ಗ್ರಂಥಾಲಯದ ಗೇಟಿಗೆ ಕಟ್ಟಿ, ಹಾಳೆಗಳನ್ನು ತರಲು ಮನೆಗೆ ಹೋದ.

ಅವನು ಹೋದದ್ದೇ ತಡ, ಗಾಳಿಗೆ ಮೇಲಿನ ಎರಡು ದಾರ ಬಿಚ್ಚಿ, ಫ್ಲೆಕ್ಸಿನ ಅಂಚು ಹಿಂದಕ್ಕೆ ಮಡಚಿ ಕತೆಯ ಹೆಸರನ್ನು ನುಂಗಿಬಿಟ್ಟಿತು.

ಹನ್ನೆರಡಕ್ಕೆ ಬಂದು ನೋಡಿದರೆ ಹಿರಿಯ ಚಿರಾಯುವಿನ ಕೊರಳಿಗೆ ಸೇವಂತಿಗೆ ಹಾರ. ಮುಂದೆ ಊದುಬತ್ತಿ. ಹೂವಿನ ಫಕೀರಮ್ಮ ಸೆರಗಿನಲ್ಲಿ ಮೂಗು ಒರೆಸುತ್ತಿದ್ದಳು.

"ಯಪ್ಪಾ ಕಲ್ಲೇಶಾ, ನಿನ್ನಿ ನನ್ನ ಕಡೆ ಎರಡು ಮಳ ಹೂವು ತಗೊಂಡು ಹೋದ್ರೋ! ಮಳ ಸಣ್ಣದಾತು ಅಂತ ಬೈದ್ರೋ!"

"ಯಕ್ಕಾ, ಮಾಸ್ತರ್ ಸತ್ತಿಲ್ಲ. ಇವ್ರು ಸಾಯಂಗೇ ಇಲ್ಲ."

"ಖರೇ ಅಂದಿ ನೋಡು. ಅಂಥಾ ಮನಿಷ್ಯಾರು ಸಾಯಂಗಿಲ್ಲ," ಎಂದು ಅವಳು ಇನ್ನಷ್ಟು ಅತ್ತಳು.

ಎದುರಿನ ಚಹಾದಂಗಡಿಯ ಯಮನೂರಸಾಬ ಸ್ಟೋವ್ ಆರಿಸಿ, ಅಂಗಡಿಯ ಕುರ್ಚಿಗಳನ್ನೆಲ್ಲ ಗ್ರಂಥಾಲಯದ ಅಂಗಳದ ಬೇವಿನ ಮರದ ಕೆಳಗೆ ಹಾಕತೊಡಗಿದ್ದ. ಕಲ್ಲೇಶ ಅವನ ತೋಳು ಹಿಡಿದ.

"ಚಾಚಾ, ಇವ್ರು ನಕ್ಷತ್ರದಿಂದ ಬಂದವ್ರು. ವಯಸ್ಸು ಹತ್ತು ಸಾವಿರ ವರ್ಷ. ತಿಳಿತಾ?"

ಯಮನೂರಸಾಬ ಅವನ ಹಣೆ ಮುಟ್ಟಿ ನೋಡಿದ. "ಹುಡುಗ ದುಃಖಕ್ಕ ಬಡಬಡಿಸಾಕತ್ಯಾನ. ಯಾರರ ನೀರು ಕೊಡ್ರಪಾ!"

"ಮಾಸ್ತರ್ ಮನಿಗೆ ಹೋಗಿ ನೋಡ್ರಿ ಚಾಚಾ!"

"ನೋಡಿನೇ ಬಂದೀನಿ. ಕೀಲಿ ಹಾಕೈತಿ. ಫೋನ್ ಹಚ್ಚಿದ್ರ ಒಳಗ ಒಂದ ಸವನ ಬಡಕೊಳ್ಳಾಕತ್ತೈತಿ. ಬದುಕಿದ್ದ ಮನಿಷ್ಯಾ ಫೋನ್ ಬಿಟ್ಟು ಹೊರಗ ಹೋಗ್ತಾನೇನೋ?"

ಕಲ್ಲೇಶನದು ಮೊದಲೇ ಮಾತು ಕಮ್ಮಿ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿ ಮುಗಿಸುವಷ್ಟರಲ್ಲಿ ಎದುರಿನವರು ಎರಡು ಊರು ದಾಟಿರುತ್ತಿದ್ದರು. ಎರಡಕ್ಕೆ ಮೈಕು ಬಂತು. ಎರಡೂವರೆಗೆ ಮಾಸ್ತರ ಹಳೆಯ ವಿದ್ಯಾರ್ಥಿಗಳು ಟಂಟಂ ಆಟೋ ತುಂಬಿಕೊಂಡು ಬಂದರು. ಕಲ್ಲೇಶ ಹಾಳೆಗಳ ಕಟ್ಟನ್ನು ಎದೆಗವಚಿಕೊಂಡು, ಸಂತೆಯಲ್ಲಿ ಕೈತಪ್ಪಿದ ಮಗುವಿನಂತೆ ಗೇಟಿನ ಬಳಿ ನಿಂತ. ಬಂದವರು ಒಬ್ಬೊಬ್ಬರಾಗಿ ಅವನ ಭುಜ ತಟ್ಟಿ ಒಳಗೆ ಹೋದರು.

ಕೈಚೀಲ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಫ್ಲೆಕ್ಸಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಕಲ್ಲೇಶನ ಕಡೆ ತಿರುಗಿದಳು.

"ಯಾವಾಗ ಆತ್ರಿ?"

ಅಷ್ಟು ಹೊತ್ತಿಗೆ ಇಪ್ಪತ್ತು ಮಂದಿಗೆ ಹೇಳಿ ಸೋತಿದ್ದ ಕಲ್ಲೇಶ ಸುಮ್ಮನೆ ತಲೆ ಅಲ್ಲಾಡಿಸಿದ. ಅವಳು ಕೈಮುಗಿದು ಹೊರಟುಹೋದಳು. ಇವಳೂ ಒಬ್ಬ ಹಳೆಯ ವಿದ್ಯಾರ್ಥಿನಿ ಎಂದುಕೊಂಡ.

ಮೈಕಿನಲ್ಲಿ ಯಮನೂರಸಾಬ ಮಾತಾಡುತ್ತಿದ್ದ. "ಏಳರ ಮಗ್ಗಿಗೆ ನನ್ನ ಹದಿನಾಲ್ಕು ಸಲ ಬಡದ್ರು. ಇವತ್ತು ಚಹಾದ ಲೆಕ್ಕ ನಾನು ಬಾಯಾಗ ಮಾಡ್ತೀನಂದ್ರ, ಆ ಬಡತದ ಪುಣ್ಯ!"

ಆಗಲೇ ಹಿತ್ತಲ ಬಾಗಿಲಿನಿಂದ ಒಬ್ಬರು ಬಂದು ಹಿಂದಿನ ಸಾಲಿನಲ್ಲಿ ಕೂತರು. ಹಣೆ ತುಂಬ ಕುಂಕುಮ, ಕೈಯಲ್ಲಿ ಹೇಮಗುಡ್ಡದ ದುರ್ಗಮ್ಮನ ಪ್ರಸಾದದ ತೆಂಗಿನಕಾಯಿ.

"ಯಾರು ಹೋದ್ರಪಾ?"

"ಕೊಟ್ರಬಸಪ್ಪ ಮಾಸ್ತರ್," ಎಂದ ಮುಂದಿನವನು, ತಿರುಗದೆ.

ಬಂದವರು ಒಂದು ಕ್ಷಣ ಯೋಚಿಸಿದರು. ಆಮೇಲೆ ತೆಂಗಿನಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೆಮ್ಮದಿಯಾಗಿ ಐದು ಭಾಷಣ ಕೇಳಿದರು. ಆರನೆಯವನು "ಮಾಸ್ತರಿಗೆ ಇಂಗ್ಲಿಷ್ ಒಂದು ಅಷ್ಟು ಬರ್ತಿರಲಿಲ್ಲ" ಅಂದ ಕೂಡಲೇ ಎದ್ದು ನಿಂತರು.

"ಯಾವಾನೋ ಅಂವ? ನಿಂದ್ರು ಬೆಂಚಿನ ಮ್ಯಾಲೆ!"

ಆರನೆಯವನು ಮೈಕು ಬಿಟ್ಟು ನಿಜವಾಗಿಯೂ ಕುರ್ಚಿ ಹತ್ತಿದ. ನಾಲ್ಕು ಮಂದಿ ಕಂಪೌಂಡ್ ಹಾರಿದರು. ಫಕೀರಮ್ಮ ಮಾತ್ರ ಹತ್ತಿರ ಹೋಗಿ ಮಾಸ್ತರ ಕೈ ಚಿವುಟಿ ನೋಡಿದಳು.

"ಬೆಚ್ಚಗ ಅದಾರ್ರಿ! ಸುಳ್ಳು ಸುದ್ದಿ ಹುಟ್ಟಿದ್ರ ಆಯುಷ್ಯ ಬೆಳಿತೈತಿ. ಇನ್ನ ಇಪ್ಪತ್ತು ವರ್ಷ ನಿಮಗ ಧಕ್ಕೆ ಇಲ್ಲ."

ಕಲ್ಲೇಶ ಬಂದು ಎಲ್ಲವನ್ನೂ ಹೇಳಿದ. ಮಾಸ್ತರರು ಗೇಟಿಗೆ ಹೋಗಿ, ಮಡಚಿದ ಅಂಚನ್ನು ಬಿಡಿಸಿ ಕತೆಯ ಹೆಸರು ಓದಿದರು. ಆಕಾಶದಲ್ಲಿ ಕೂತ ತಮ್ಮನ್ನು ದಿಟ್ಟಿಸಿದರು. ಹುಬ್ಬು ಸ್ವಲ್ಪ ಸಡಿಲಾಯಿತು.

"ಹುಬ್ಬು ಛಲೋ ತಗದೀಯಲೇ. ಹಾರ ಇರ್ಲಿ, ತಗೀಬ್ಯಾಡ. ಎಲ್ಲಿ, ನಿನ್ನ ಸಂಪಾದಕಿ?"

ಗಂಟೆ ನಾಲ್ಕಾಗಿತ್ತು. ಕಲ್ಲೇಶ ಫೋನ್ ತೆಗೆದು ನೋಡಿದ. ಒಂದು ಸಂದೇಶ ಬಂದಿತ್ತು.

'ಕಲ್ಲೇಶ ಅವರ ಮನೆಯವರಿಗೆ: ಇಂದು ಗೇಟಿನಲ್ಲಿ ಅವರ ಭಾವಚಿತ್ರ, ಹೆಸರು ನೋಡಿ ಎದೆ ಒಡೆಯಿತು. ಇಷ್ಟು ಹಿರಿಯರೆಂದು ತಿಳಿದಿರಲಿಲ್ಲ. ಮುಂದುವರಿಸುವವರಿಲ್ಲದ ಕತೆಯನ್ನು ಶುರು ಮಾಡುವುದು ಸರಿಯಲ್ಲ. ಅವರಿಗಾಗಿ ಇಟ್ಟಿದ್ದ ಪುಟಗಳನ್ನು ಬೇರೆಯವರಿಗೆ ಕೊಟ್ಟಿದ್ದೇವೆ. ಮುಬಾಶಿರಾ.'

ಕೈಚೀಲದ ಹೆಣ್ಣುಮಗಳು ಅವನ ಕಣ್ಣ ಮುಂದೆ ಬಂದಳು. ಅವನು ತಕ್ಷಣ ಫೋನ್ ಮಾಡಿದ.

"ಮೇಡಂ, ನಾನು ಕಲ್ಲೇಶ. ಬದುಕೀನ್ರಿ."

ಆ ಕಡೆ ಬಸ್ಸಿನ ಸದ್ದು. ಅವನು ಮೂರು ಸಲ ವಿವರಿಸಿದ ಮೇಲೆ ಅವಳು ನಿಟ್ಟುಸಿರು ಬಿಟ್ಟಳು. "ಬದುಕೀರಲ್ಲ, ಸಂತೋಷರಿ. ಆದ್ರ ಬ್ಯಾರೆಯವರಿಗೆ ಕೊಟ್ಟ ಮಾತು ಕೊಟ್ಟಂಗಾತಲ್ರಿ. ಆ ಧಾರಾವಾಹಿ ಮುಗಿಯಾಕ ಎರಡು ವರ್ಷ. ಅಲ್ಲೀತನ ಕಾಯ್ರಿ."

ಕಲ್ಲೇಶ ಫೋನ್ ಇಳಿಸಿದ. ಏನಾಯಿತೆಂದು ಮಾಸ್ತರರು ಕೇಳಿದರು. ಹೇಳಿದ. ಅವರು ತೆಂಗಿನಕಾಯಿ ಒಡೆದು, ಒಂದು ಚೂರನ್ನು ಅವನ ಕೈಯಲ್ಲಿಟ್ಟರು.

"ಎರಡು ವರ್ಷ ಯಾವ ಲೆಕ್ಕಲೇ? ಈಗ ನಿನ್ನ ಸುದ್ದಿನೂ ಸುಳ್ಳಾಗೇತಿ. ನಿನಗೂ ಆಯುಷ್ಯ ಬೆಳದೈತಿ. ಆರಾಮ ಕಾಯಿ."

ಯಮನೂರಸಾಬ ಸ್ಟೋವ್ ಹಚ್ಚಿದ. ಗೇಟಿನೆದುರು ಖಾಲಿ ಕುರ್ಚಿಯೊಂದರಲ್ಲಿ ಕಲ್ಲೇಶ ಯಾರೂ ಬಿಚ್ಚದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮೇಲೆ ಫ್ಲೆಕ್ಸಿನೊಳಗಿಂದ ಹಿರಿಯ ಚಿರಾಯು, ಕುಲಕ್ಕೆ ಹೊಸದಾಗಿ ಸೇರಿದವನನ್ನು ನೋಡುವಂತೆ, ಅವನನ್ನೇ ನೋಡುತ್ತಿದ್ದ.