ಮೋಡದ ಕೆಳಗೆ ಒಂಟಿ ಕೋಣೆ

"ಒಂದೇ ಕೋಣೆ! ಒಬ್ಬರಿಗೆ ಮಾತ್ರ! ಬಿಸಿಲು ಬೀಳೋ ಬಾಲ್ಕನಿ ಬೇರೆ! ಗುದ್ರುನ್, ಏನಿದೆಲ್ಲ?"

ಹೈನರ್ ಟೀಟ್ಸೆ ಟ್ಯಾಬ್ಲೆಟ್ಟನ್ನು ಹೆಂಡತಿಯ ತಿಂಡಿತಟ್ಟೆಯ ಮೊಟ್ಟೆಗೆ ತಾಗುವಷ್ಟು ಹತ್ತಿರ ಹಿಡಿದ. ಲೈಪ್‌ಜಿಗ್‌ನಲ್ಲಿ ಇವತ್ತು ಮಳೆಯೋ ಬಿಸಿಲೋ ಎಂದು ನೋಡಹೋದವನಿಗೆ ಮೋಡದ ಚಿತ್ರದ ಕೆಳಗೆ ಸಾಲಾಗಿ ಬಾಡಿಗೆ ಮನೆಗಳು ಕಂಡಿದ್ದವು. ಎಲ್ಲವೂ ಒಂಟಿ ಜೀವಕ್ಕೆ. ಈ ಮನೆಯಲ್ಲಿ ಇರುವುದು ಎರಡೇ ಜೀವ, ತಾನಂತೂ ಹುಡುಕಿಲ್ಲ.

ಗುದ್ರುನ್: ಜಾಹೀರಾತು ಕಣೋ. ಬೇಡ ಅಂದ್ರೆ ನೋಡ್ಬೇಡ.

ಹೈನರ್: ಜಾಹೀರಾತು ಆಕಾಶದಿಂದ ಉದುರಲ್ಲ. ಯಾರೋ ಮನೆ ಹುಡುಕಿದ್ದಾರೆ. ಆ ಸೈಟು ಇದರೊಳಗೆ ಕುಕೀ ಅನ್ನೋ ಗುರುತಿನ ಚೀಟಿ ಸಿಕ್ಕಿಸಿ ಹೋಗಿದೆ.

ಗುದ್ರುನ್: ಹಳೇದಿರಬೇಕು.

ಹೈನರ್: ಹಳೇದು ಹೇಗಾಗತ್ತೆ? ಮಲಗೋ ಮುಂಚೆ ದಿನಾ ಒಂದನ್ನೂ ಬಿಡದೆ ಅಳಿಸ್ತೀನಿ. ಅಂದ್ರೆ ಇದು ಇವತ್ತಿಂದೇ. ನಾನು ಬೇಕರಿಗೆ ಹೋದಾಗಿಂದು!

ಗುದ್ರುನ್ ಗಸಗಸೆ ಬನ್ನಿಗೆ ಬೆಣ್ಣೆ ಸವರಿದಳು. ಬೇಕಾದ್ದಕ್ಕಿಂತ ನಿಧಾನವಾಗಿ.

ಗುದ್ರುನ್: ಆ ಅಳಿಸೋ ಚಟಕ್ಕೇ ಅಲ್ವಾ, ದಿನಾ ಬೆಳಗ್ಗೆ 'ಕುಕೀ ಇಡಬಹುದಾ' ಅಂತ ಅದೇ ಪ್ರಶ್ನೆ ಬರೋದು? ನೀನು 'ಬೇಡ' ಅಂದದ್ದನ್ನ ನೆನಪಿಟ್ಕೊಳ್ಳೋಕೂ ಅವರಿಗೆ ಒಂದು ಕುಕೀ ಬೇಕು. ಅದನ್ನೂ ಗುಡಿಸಿ ಹಾಕ್ತೀಯ. ಮತ್ತೆ ಕೇಳ್ತಾರೆ, ಮತ್ತೆ ಬೇಡ ಅಂತೀಯ. ಅಷ್ಟರಲ್ಲಿ ಮಳೆ ಬಂದು ನಿಂತಿರತ್ತೆ.

ಹೈನರ್: ನೀನು ಏನು ಒತ್ತಿದೆ?

ಗುದ್ರುನ್: ಹಸಿರು ಗುಂಡಿ. 'ಎಲ್ಲಕ್ಕೂ ಒಪ್ಪಿದೆ'. ಅದು ಅಂಗೈ ಅಗಲ ಇತ್ತು. ನಿನ್ನ 'ಬೇಡ' ಹುಡುಕೋಕೆ ಕನ್ನಡಕ ಬೇಕು.

ಹೈನರ್: ಬೇಕಂತಲೇ ಹಾಗೆ ಮಾಡಿರೋದು! ದೇಶದ ನಡುವೆ ಗೋಡೆ ಇದ್ದ ಕಾಲದಲ್ಲಿ ಸರ್ಕಾರದವರು ಅಪ್ಪನ ಕಾಗದಗಳನ್ನ ಆವಿ ಹಿಡಿದು ಬಿಚ್ಚಿ ಓದ್ತಿದ್ರು. ಕದ್ದು ಓದ್ತಿದೀವಿ ಅನ್ನೋ ಅಳುಕಾದ್ರೂ ಇತ್ತು ಆ ದರಿದ್ರದವರಿಗೆ. ಇವರು ನಮ್ಮ ಕೈಲೇ ಲಕೋಟೆ ಬಿಚ್ಚಿಸಿ, ಓದಿ, ಮಾರಿ, ಕೊನೆಗೆ 'ನಿಮ್ಮ ಗೌಪ್ಯತೆಗೆ ನಾವು ಬೆಲೆ ಕೊಡ್ತೀವಿ' ಅಂತಾರೆ. ಬೆಲೆ ಕೊಡ್ತಾರಂತೆ!

ಗುದ್ರುನ್: ಮೊಟ್ಟೆ ಆರ್ತಿದೆ.

ಹೈನರ್: ಮಾತು ತಪ್ಪಿಸಬೇಡ. ನೀನು ಮನೆ ನೋಡಿದ್ಯಾ ಇಲ್ವಾ?

ಗುದ್ರುನ್: ಮನೆ ನೋಡೋ ಸೈಟೇ ಬೇರೆ, ಮಳೆ ನೋಡೋ ಸೈಟೇ ಬೇರೆ. ಅಲ್ಲಿ ನೋಡಿದ್ದು ಇಲ್ಲಿಗೆ ಹೇಗೆ ಬಂತು?

ಹೈನರ್: ಅಂದ್ರೆ ನೋಡಿದ್ದೀಯ!

ಬಾಗಿಲು ಬಡಿದ ಸದ್ದಾಯಿತು. ಕೆಳಮನೆಯಾಕೆ ಫ್ರೌ ಕ್ಲೆಮ್, ಕೈಯಲ್ಲಿ ಪೊಟ್ಟಣ. ಗೌಪ್ಯತೆಯ ಹೆಸರಲ್ಲಿ ಹೈನರ್ ಕೆಳಬಾಗಿಲ ಕರೆಗಂಟೆಯ ಹಲಗೆಯಿಂದ ತನ್ನ ಹೆಸರನ್ನು ಕಿತ್ತುಹಾಕಿದ್ದ. ಅಂದಿನಿಂದ ಅವನ ಪೊಟ್ಟಣಗಳೆಲ್ಲ ಆಕೆಯ ಕೈಗೇ ಬೀಳುತ್ತಿದ್ದವು.

ಫ್ರೌ ಕ್ಲೆಮ್: ಹೆರ್ ಟೀಟ್ಸೆ, ನಿಮ್ಮ ಮಂಡಿಪಟ್ಟಿ, ನಿನ್ನೆ ಬಂತು. ನಾಲ್ಕನೇ ಮಹಡಿಯವರಿಗೂ ಮಂಡಿಪಟ್ಟಿನೇ. ಎರಡನೇ ಮಹಡಿಯ ಸಂಗೀತದ ಮೇಷ್ಟ್ರಿಗೆ ಒಂದೇ ತಟ್ಟೆ, ಒಂದೇ ಲೋಟ ಇರೋ ಪೆಟ್ಟಿಗೆ ಬಂದಿದೆ. ಹೆಂಡ್ತಿ ಬಿಟ್ಟುಹೋದ್ಳು ಅಂತ ಕಾಣತ್ತೆ, ಪಾಪ.

ಹೈನರ್ ಪೊಟ್ಟಣ ಈಸಿಕೊಂಡ. ತಟ್ಟನೆ ಹೆಂಡತಿಯ ಕಡೆ ತಿರುಗಿದ.

ಹೈನರ್: ಹೇಗೆ ಬಂತು ಅಂತ ಕೇಳಿದ್ಯಲ್ಲ. ಹೀಗೆ! ಒಂದೊಂದು ಅಂಗಡಿಗೂ ಅದರ ಗಿರಾಕಿ ಮಾತ್ರ ಗೊತ್ತು. ಈಕೆಗೆ ಇಡೀ ಕಟ್ಟಡ ಗೊತ್ತು. ಅಂಗಡಿ ತನ್ನ ಚೀಟಿ ಇಟ್ಕೊಳ್ಳಲಿ, ಬುಟ್ಟೀಲಿ ಏನು ಹಾಕಿದೆ ಅಂತ ನೆನಪಿಡೋಕೆ ಅದು ಬೇಕು. ಆದರೆ ಈಕೆ ಹಾಗೆ ಎಲ್ಲ ಅಂಗಡೀಲೂ ಮೂಗು ತೂರಿಸೋ ಮೂರನೆಯವರು, ಆ ಜಾಹೀರಾತಿನವರು, ಯಾಕೆ? ಅವರನ್ನ ಒಳಗೇ ಬಿಡಬಾರದು! ಬ್ರೌಸರಿಗೆ ಒಂದು ಸಲ ಹೇಳಿದ್ರೆ ಸಾಕು.

ಫ್ರೌ ಕ್ಲೆಮ್: ಯಾರನ್ನ ಒಳಗೆ ಬಿಡಬಾರದು?

ಗುದ್ರುನ್: ನಿಮ್ಮನ್ನಲ್ಲ ಫ್ರೌ ಕ್ಲೆಮ್.

ಫ್ರೌ ಕ್ಲೆಮ್: ಮಳೇಲಿ ನೆನೆಯೋ ಪೊಟ್ಟಣ ಎತ್ತಿಟ್ಟಿದ್ದಕ್ಕೆ ಈ ಮರ್ಯಾದೆ! ಮತ್ತೆ, ಆ ಬ್ರೌಸರ್ ಅನ್ನೋರು ಯಾರು, ಹೊಸ ಕಾವಲುಗಾರನೋ?

ಹೈನರ್‌ಗೆ ಅದು ಕೇಳಿಸಲೇ ಇಲ್ಲ. ಸಂಗೀತದ ಮೇಷ್ಟ್ರ ಒಂಟಿ ತಟ್ಟೆ ಅವನ ಕಣ್ಣ ಮುಂದೆ ನಿಂತಿತ್ತು.

ಹೈನರ್: ಗುದ್ರುನ್... ಬಿಟ್ಟುಹೋಗ್ತೀಯಾ?

ಅವಳು ಚಾಕು ಕೆಳಗಿಟ್ಟಳು.

ಗುದ್ರುನ್: ಹೋಗೋಣ ಅಂತಲೇ ಇದ್ದೆ. ಮೊನ್ನೆ ನನ್ನ ತಂಗಿ ಗಂಟೆಯ ಮೇಲೆ ನಮ್ಮ ಹೆಸರೇ ಕಾಣದೆ ಕೇಕು ಹಿಡ್ಕೊಂಡು ವಾಪಸ್ ಹೋದ್ಳು. ನೀನು ಮುಚ್ಚಿದ್ದು ಕಂಪನಿಗಳಿಗಲ್ಲ, ನಮ್ಮವರಿಗೆ. ಆ ಸಿಟ್ಟಿಗೆ ಇವತ್ತು ನೀನು ಬೇಕರಿಗೆ ಹೋದಾಗ ಬಾಡಿಗೆ ಮನೆಗೆ ಅರ್ಜಿ ತುಂಬೋಕೆ ಕೂತೆ. ಸಂಬಳ, ಸಾಲ, ನಾಯಿ ಇದ್ಯಾ, ಪಿಯಾನೋ ಇದ್ಯಾ, ಎಲ್ಲ ಕೇಳಿದ್ರು. ಎಲ್ಲ ಕೊಟ್ಟೆ. ಆಮೇಲೆ 'ಈಗಿನ ಮನೆ ಬಿಡಲು ಕಾರಣ' ಅಂತ ಬಂತು.

ಹೈನರ್: ಏನು ಬರೆದೆ?

ಗುದ್ರುನ್: ಏನೂ ಇಲ್ಲ. ನನ್ನ ಗಂಡನ ಹುಚ್ಚು ನನಗೆ ಮಾತ್ರ ಗೊತ್ತಿರಬೇಕಾದ್ದು, ಅದನ್ನ ಆ ಕಂಪನಿಗೆ ಯಾಕೆ ಹೇಳಲಿ ಅನ್ನಿಸ್ತು. ಖಾಲಿ ಬಿಟ್ಟೆ. ಖಾಲಿ ಬಿಟ್ರೆ ಮುಂದಕ್ಕೆ ಹೋಗೋಕೆ ಬಿಡಲ್ವಂತೆ. ಮುಚ್ಚಿಬಿಟ್ಟೆ.

ಹೈನರ್ ಅವಳ ಕೈ ಹಿಡಿದುಕೊಂಡ. ಬದುಕಿನಲ್ಲಿ ಮೊದಲ ಸಲ ಯಾರೋ ತನ್ನ ಗೌಪ್ಯತೆಯನ್ನು ನಿಜವಾಗಿ ಕಾಪಾಡಿದ್ದರು.

ಫ್ರೌ ಕ್ಲೆಮ್: ಅಯ್ಯೋ, ಅಷ್ಟಕ್ಕೇ ನಿಲ್ಲಿಸಿಬಿಟ್ರಾ? ನನ್ನನ್ನ ಒಂದು ಮಾತು ಕೇಳಬಾರದಿತ್ತೇ, ಕಾರಣ ನಾನೇ ಬರೆದುಕೊಡ್ತಿದ್ನಲ್ಲ!