ಬಲ ಶ್ವಾಸಕೋಶದ ನಿವಾಸಿಗಳಿಗೆ ಕೆಮ್ಮಿನಿಂದ ಒದಗಬಹುದಾದ ಅಪಾಯ ಕುರಿತು

ಬಲ ಶ್ವಾಸಕೋಶ ವಸತಿ ಇಲಾಖೆ
ಸಂಖ್ಯೆ: ಬಶ್ವಾ/ಕೆಳಮಹಡಿ/ಅಂಟು-ಜಿಗಟು/17

ಸುತ್ತೋಲೆ

ವಿಷಯ: ಮನೆಯೊಡತಿಯವರು ಕೆಮ್ಮದಂತೆ ನಿವಾಸಿ ಬ್ಯಾಕ್ಟೀರಿಯಾಗಳು ಕೈಗೊಳ್ಳಬೇಕಾದ ಮುನ್ನೆಚ್ಚರಿಕೆ ಕ್ರಮಗಳ ಬಗ್ಗೆ.

ಓದಲಾಗಿದೆ: ಮನೆಯೊಡತಿಯವರ ಮೌಖಿಕ ಹೇಳಿಕೆ: "ಕಫಾನೂ ಇಲ್ಲ, ಏನೂ ಇಲ್ಲ. ಆ ಡಬ್ಬಿ ತಗೊಂಡು ಹೋಗ್ರೀ, ನನ್ನ ಪಾಡಿಗೆ ಬಿಟ್ಬಿಡಿ."

ಪ್ರಸ್ತಾವನೆ:
ಮನೆಯೊಡತಿಯವರು ವೃತ್ತಿಯಲ್ಲಿ ಡ್ರಾಯಿಂಗ್ ಟೀಚರು. ಹುಟ್ಟಿನಿಂದಲೇ ಬಂದ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ದೆಸೆಯಿಂದ ಅವರ ಎದೆಯಲ್ಲಿ ಕಫವು ಗೋಂದಿನಂತೆ ನಿಂತಿದ್ದು, ನಮಗೆ ವರ್ಷಾನುಗಟ್ಟಲೆ ವಸತಿ ದೊರೆತಿರುತ್ತದೆ. ಹಿಂದಿನ ಕಫ ಪರೀಕ್ಷೆಯಲ್ಲಿ, ನಮ್ಮನ್ನು ಬೆಳೆಸಿ ನೋಡುವ ಲ್ಯಾಬಿನ ತಟ್ಟೆಯ ತುಂಬ ಹಸಿರಣ್ಣನೇ (ಸ್ಯೂಡೊಮೋನಾಸ್) ಕಾಲು ಚಾಚಿ ಮಲಗಿದ್ದರಿಂದ, ಮೂಲೆಯಲ್ಲಿ ಮುದುಡಿದ್ದ ಹೊನ್ನಪ್ಪ (ಸ್ಟ್ಯಾಫಿಲೊಕಾಕಸ್) ಯಾರ ಕಣ್ಣಿಗೂ ಬೀಳಲಿಲ್ಲ. ಔಷಧಿ ಒಬ್ಬನಿಗಷ್ಟೇ ಬಿತ್ತು, ಜ್ವರ ಇಳಿಯಲಿಲ್ಲ. ಈಗ ಲ್ಯಾಬಿನವರು ಅನುಮಾನಗೊಂಡು, ಹಸಿರಣ್ಣನಿಗೆ ಒಗ್ಗದ, ಹೊನ್ನಪ್ಪನಿಗೆ ಒಗ್ಗುವ ಉಪ್ಪಿನ ತಟ್ಟೆ ಸಿದ್ಧಪಡಿಸಿಕೊಂಡು ಹೊಸ ಕಫಕ್ಕೆ ಕಾಯುತ್ತಿದ್ದಾರೆ. ಸಂಜೆಯೊಳಗೆ ಸಿಗದಿದ್ದರೆ ನಾಳೆ ಮೂಗಿನಿಂದ ನಳಿಕೆ ಇಳಿಸಿ ಕಫ ತೆಗೆಯುವುದಾಗಿ ಹಿರಿಯ ವೈದ್ಯರು ತಿಳಿಸಿದ್ದು, ನಳಿಕೆಯೆಂದರೆ ಮನೆಯೊಡತಿಯವರಿಗೆ ಜೀವ ಬಾಯಿಗೆ ಬರುತ್ತದೆ. ಇಲಾಖೆಯು ನಾಳೆಯದನ್ನು ನಾಳೆ ನೋಡಿಕೊಳ್ಳುವುದು. ಇಂದಿನ ಮಟ್ಟಿಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ಹಸಿರಣ್ಣನು ಹೊನ್ನಪ್ಪನ ಮೇಲೆ ವಿಷ ಉಗುಳುವುದನ್ನು ಕಚೇರಿ ವೇಳೆಯಲ್ಲಿ ನಿಲ್ಲಿಸತಕ್ಕದ್ದು. ಹೊಸದರಲ್ಲಿ ಜಗಳ ಸಹಜ. ಇಷ್ಟು ಕಾಲ ಒಂದೇ ಸೂರಿನಡಿ ಕಳೆದ ಮೇಲೂ "ನೀನಾ, ನಾನಾ" ಎನ್ನುವುದು ಹಿರಿತನಕ್ಕೆ ಶೋಭಿಸದು.

2. ಹೊನ್ನಪ್ಪನು ಮೈ ಕುಗ್ಗಿಸಿಕೊಂಡು, ನಿಧಾನಕ್ಕೆ ಬೆಳೆಯುತ್ತ, ಇಲ್ಲದವನಂತೆ ಇರುವುದನ್ನು ಮುಂದುವರಿಸತಕ್ಕದ್ದು. ಸದರಿ ಅವಧಿಯನ್ನು ಗಳಿಕೆ ರಜೆಯೆಂದು ಪರಿಗಣಿಸಲಾಗುವುದು.

3. ಬಾಯಿಯ ಕಡೆಯಿಂದ ಇಳಿದುಬಂದ ಸಣ್ಣಪುಟ್ಟ ನಿವಾಸಿಗಳು ಕಫವನ್ನು ಅರೆದು ನುಣ್ಣಗೆ ಮಾಡಿ ಹಸಿರಣ್ಣನಿಗೆ ಉಣಬಡಿಸುತ್ತಿರುವುದು ಗಮನಕ್ಕೆ ಬಂದಿದೆ. ಸೇವೆ ಶ್ಲಾಘನೀಯ. ಬಡ್ತಿ ಇಲ್ಲ.

4. ಹಸಿರಣ್ಣನು ಕಟ್ಟಿರುವ ಲೋಳೆಯ ಕಾಂಪೌಂಡಿನೊಳಗೆ ಹೊನ್ನಪ್ಪನಿಗೂ ಜಾಗ ಕೊಡತಕ್ಕದ್ದು. ಔಷಧಿ ಬಂದಾಗ ಗೋಡೆಯೊಳಗಿನವರೆಲ್ಲ ಒಂದೇ ಮನೆಯವರು. ಔಷಧಿ ಹೋದ ಮೇಲೆ ಯಥಾಪ್ರಕಾರ ಕಿತ್ತಾಡಲು ಅನುಮತಿಯಿದೆ.

5. ಬೆನ್ನು ತಟ್ಟಿ ಕಫ ಸಡಿಲಿಸುವ ವ್ಯಾಯಾಮದಕ್ಕನವರು ಬಂದು, "ಏಳಿ ಟೀಚರಮ್ಮ, ಒಂದೇ ಒಂದು ಕೆಮ್ಮು, ಗಂಟಲಿಂದಲ್ಲ, ಎದೆಯಿಂದ" ಎಂದ ಕೂಡಲೇ ಎಲ್ಲರೂ ಗಟ್ಟಿಯಾಗಿ ಗೋಡೆ ಹಿಡಿದುಕೊಳ್ಳತಕ್ಕದ್ದು. ಕೈ ಇಲ್ಲದವರು ಕೈ ಇದ್ದವರನ್ನು ಹಿಡಿದುಕೊಳ್ಳತಕ್ಕದ್ದು. ಯಾರಿಗೂ ಕೈ ಇಲ್ಲವೆಂಬ ಆಕ್ಷೇಪಣೆಯನ್ನು ಸ್ವಹಸ್ತಾಕ್ಷರದಲ್ಲಿ ಸಲ್ಲಿಸಬಹುದು.

6. ಮನೆಯೊಡತಿಯವರು ನಗುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ನಕ್ಕರೆ ಕೆಮ್ಮು, ಕೆಮ್ಮಿದರೆ ಕಫ, ಕಫ ಬಂದರೆ ನಾವೆಲ್ಲ ಸಾರಾಸಗಟಾಗಿ ಡಬ್ಬಿಗೆ ವರ್ಗ. ಮುಗುಳ್ನಗೆಗೆ ವಿನಾಯಿತಿಯಿದೆ.

ಸಹಿ/-
ಹಿರಿಯ ಲೋಳೆ ಅಧಿಕಾರಿ
ಬಲ ಶ್ವಾಸಕೋಶ (ಎಡ ಶ್ವಾಸಕೋಶದ ಹೆಚ್ಚುವರಿ ಪ್ರಭಾರ)

ತುರ್ತು ಸೇರ್ಪಡೆ:
ಸದರಿ ಸುತ್ತೋಲೆಯು ಲ್ಯಾಬಿನವರ ಕಿತಾಪತಿಯೆಂದು ತಿಳಿದುಬಂದಿದೆ. ವ್ಯಾಯಾಮದಕ್ಕನವರು ಅದನ್ನು ಮಂಚದ ಮುಂದೆ ನಿಂತು, ಹಿರಿಯ ವೈದ್ಯರ ಮೂಗಿನ ದನಿಯಲ್ಲೇ ಓದಿರುತ್ತಾರೆ. ಟೀಚರಮ್ಮನವರು ಗೋಡೆಗೆ ಮುಖ ಮಾಡಿ, ತುಟಿ ಕಚ್ಚಿಕೊಂಡು ನಾಲ್ಕು ಅಂಶಗಳನ್ನು ತಡೆದುಕೊಂಡರು. ಐದರಲ್ಲಿ ಕಟ್ಟೆಯೊಡೆಯಿತು. "ಅಯ್ಯೋ ನಿಲ್ಲಿಸ್ರೀ, ಪಾಪ ಆ ಹೊನ್ನಪ್ಪ... ಡಬ್ಬಿ! ಡಬ್ಬಿ ಕೊಡಿ ಮೊದಲು!" ಎಂದು ಕೂಗಿದ್ದು, ಆರನೇ ಅಂಶವನ್ನು ಓದುವ ಮೊದಲೇ ಅದರ ಉಲ್ಲಂಘನೆಯಾಗಿದೆ. ಓದಿದವರು, ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಲ್ಯಾಬಿನವರು, ಎಲ್ಲರೂ ನಕ್ಕಿದ್ದಾರೆ; ಆದರೆ ಮನೆಯೊಡತಿಯವರ ನಗು-ಕೆಮ್ಮಿನ ಸದ್ದಿನ ಮುಂದೆ ಆ ನಗುಗಳು ಲೆಕ್ಕಕ್ಕಿಲ್ಲ.

ಪ್ರತಿಗಳು:
1. ಲ್ಯಾಬಿಗೆ: ಡಬ್ಬಿ ಸಮೇತ, ಉಪ್ಪಿನ ತಟ್ಟೆಗೆ ತಕ್ಷಣ ಬಳಿಯಲು.
2. ಹೊನ್ನಪ್ಪನವರಿಗೆ: ರಜೆ ರದ್ದಾಗಿದೆ.
3. ಹಿರಿಯ ವೈದ್ಯರಿಗೆ: ನಳಿಕೆಯನ್ನು ಕಪಾಟಿಗೆ ಹಿಂತಿರುಗಿಸಲು, ತಮ್ಮ ದನಿಯ ಬಳಕೆಗೆ ಘಟನೋತ್ತರ ಮಂಜೂರಾತಿ ನೀಡಲು.
4. ಪಕ್ಕದ ವಾರ್ಡಿನ ಅಜ್ಜನವರಿಗೆ: "ಏನಮ್ಮಾ ಅದು ಗಲಾಟೆ, ನಮಗೂ ಸ್ವಲ್ಪ ಹೇಳಿ" ಎಂಬ ಮನವಿಯ ಮೇರೆಗೆ. ಟೀಚರಮ್ಮನವರೇ ಖುದ್ದಾಗಿ ಓದಿ ಹೇಳಲು ಹೊರಟಿದ್ದಾರೆ.