ಏಡಿಯ ಮುಂದೆ ಬಾಯಿ ತೆರೆದು ಕೂತವರು

ನಮ್ಮ ಕಾಕಾ ಹೆಂಡತಿಯ ಮಾತು ಕೇಳುವುದಿಲ್ಲ, ಡಾಕ್ಟರ ಮಾತು ಕೇಳುವುದಿಲ್ಲ. ಕಪ್ಪೆಚಿಪ್ಪುಗಳ ಮಾತು ಮಾತ್ರ ಕೇಳುತ್ತಾರೆ! ನಗಬೇಡಿ. ನಾನು ಬಸ್ ಕಂಡಕ್ಟರ್ ಆಗಬೇಕೋ ಬೇಡವೋ ಎಂದು ತೀರ್ಮಾನಿಸಿದ್ದು ಅವೇ.

ಎರಡು ವರ್ಷದವಳಿದ್ದಾಗ ಅಪ್ಪ-ಅವ್ವನನ್ನು ಕಳೆದುಕೊಂಡ ನನ್ನನ್ನು ಸಾಕಿದವರು ಬನಹಟ್ಟಿಯ ಈ ನೇಕಾರ ಕಾಕಾ ಮತ್ತು ಕಾಕು. ನೌಕರಿಯ ಆದೇಶ ಬಂತು. ಹದಿನೈದು ದಿನದೊಳಗೆ ಹಾಜರಾಗಬೇಕಿತ್ತು. ಕಾಕಾ ಅದನ್ನು ಓದಿ, ಮಡಚಿ, ತಮ್ಮ ಜೇಬಿಗೆ ಇಳಿಸಿದರು.

“ಬ್ಯಾಡ. ಮನ್ಯಾಗ ಸಾಕಿದ್ದಕ್ಕ ಅಂಜಿಕಿ ಗೊತ್ತಿರಂಗಿಲ್ಲ. ಬಸ್ಸಿನ್ಯಾಗ ಎಂತೆಂಥಾ ಮಂದಿ ಇರ್ತಾರ! ಹಿತ್ತಲದಾಗ ನಮ್ಮ ಚಿಪ್ಪು ನೋಡು, ಏಡಿ ಬಂದ್ರೂ ಬಾಯಿ ತಗದ ಕೂಡ್ತಾವ.”

ಹಿತ್ತಲಿನಲ್ಲಿ ಹಿಂದೆ ನೂಲು ತೊಳೆಯುತ್ತಿದ್ದ ತೊಟ್ಟಿಯೊಂದಿದೆ. ಮುತ್ತು ಬೆಳೆಯುತ್ತೇನೆಂದು ಕಾಕಾ ಯಾರದೋ ಕೃಷಿಹೊಂಡದಿಂದ ಕಪ್ಪೆಚಿಪ್ಪಿನ ಮರಿಗಳನ್ನು ತಂದು ಅದರಲ್ಲಿ ಬಿಟ್ಟಿದ್ದರು. ಮುತ್ತು ಬೇಕಾದರೆ ಒಳಗೆ ಕೊಯ್ದು ಮಣಿ ಇಡಬೇಕು ಎಂದು ತಿಳಿದ ದಿನ ಅವರು ಊಟ ಮಾಡಲಿಲ್ಲ. ಅಂದಿನಿಂದ ಅವು ಮನೆಮಕ್ಕಳು.

“ಅಂಜೂದನ್ನ ಕಲಿತಾವ ಕಾಕಾ, ನೀವು ಕಲಿಸ್ರಿ,” ಎಂದೆ.

“ಅವು ಕಲತ್ರ ನೀ ಹೋಗು!”

ಸರಿ, ಮರುದಿನವೇ ಚಿಕ್ಕಪಡಸಲಗಿಗೆ ಹೋಗಿ ಹೋಲಿಸಿ ನೋಡಲು ಕೃಷ್ಣೆಯ ಕಪ್ಪೆಚಿಪ್ಪುಗಳನ್ನೂ ಅಂಜಿಸಲು ಒಂದು ಏಡಿಯನ್ನೂ ತಂದರು. ಎರಡು ಕುಲ ಬೆರೆಯಬಾರದಲ್ಲ? ಸೀರೆಗೆ ಹಾಕಿ ಉಳಿದಿದ್ದ ಬಣ್ಣದಿಂದ ಹೊಳೆಯವಕ್ಕೆ ಕೆಂಪು ಚುಕ್ಕೆ, ಮನೆಯವಕ್ಕೆ ಹಸಿರು ಚುಕ್ಕೆ ಇಟ್ಟು ಒಂದೇ ತೊಟ್ಟಿಗೆ ಬಿಟ್ಟರು. ಬೆಳಗಾಗುವಷ್ಟರಲ್ಲಿ ಚುಕ್ಕೆ ಮಾಯ, ನೀರೆಲ್ಲ ಕಂದು!

ಕಾಕು ಬಂದು ಇಣುಕಿದರು. “ನಲವತ್ತು ವರ್ಷ ‘ಬಣ್ಣ ಹೋಗಂಗಿಲ್ರಿ’ ಅಂತ ಮಂದಿಗೆ ಸೀರಿ ಮಾರಿದ್ರಲ್ಲ!”

ಕಾಕಾ ಸೋಲುತ್ತಾರೆಯೇ? ನೀರು ಬದಲಿಸಿ, ಏಡಿ ತೋರಿಸಿ, ಬಾಯಿ ಮುಚ್ಚಿದವನ್ನೆಲ್ಲ ಹೊಳೆಯವೆಂದು ಒಂದು ಕಡೆ ಇಟ್ಟರು. ಆಮೇಲೆ, “ನೋಡು, ಹೊಳಿಯವು ಎಲ್ಲಾ ಅಂಜಿದವು!” ಎಂದು ನನಗೇ ಸಾಬೀತುಪಡಿಸಿದರು! ಕಡೆಗೆ ಕಾಕುವೇ ಬೆರೆತುಹೋದ ಅವನ್ನೆಲ್ಲ ಹೊಳೆಗೆ ಕಳಿಸಿ, ಅದೇ ಕೃಷಿಹೊಂಡದಿಂದ ಬೇರೆ ಮರಿ, ಹೊಳೆಯಿಂದ ಬೇರೆ ಚಿಪ್ಪು ತರಿಸಿ, ಎರಡು ಬುಟ್ಟಿಗಳಲ್ಲಿ ಇಡಿಸಿದರು. ಇಷ್ಟರಲ್ಲಿ ನನ್ನ ಐದು ದಿನ ನೀರುಪಾಲು.

ಈಗ ನಿಜವಾದ ಪರೀಕ್ಷೆ. ಜಾಲರಿಯೊಳಗಿನ ಏಡಿ ಹತ್ತಿರ ಬಂದೊಡನೆ ಹೊಳೆಯವು ಟಪ್ಪನೆ ಮುಚ್ಚಿ, ಅರ್ಧ ತಾಸು ತೆರೆಯಲಿಲ್ಲ. ನಮ್ಮವು? ಎರಡನೆಯ ಸಲ ಹೋಳಿಗೆ ಬರುತ್ತದೆಂದು ಪಂಕ್ತಿಯಲ್ಲಿ ಕಾದವರಂತೆ ಬಾಯಿ ತೆರೆದೇ ಕೂತಿದ್ದವು. ನನ್ನ ಮಾನ ಹೋಯಿತು.

ದಿನಕ್ಕೆ ನಾಲ್ಕು ಸಲ ಏಡಿ ತೋರಿಸುವುದು, ತೋರಿಸಿದ ಮೇಲೆ “ತಪ್ಪಾತ್ರಪಾ, ನಿಮ್ಮ ಒಳ್ಳೇದಕ್ಕ” ಎಂದು ಚಿಪ್ಪುಗಳಿಗೆ ಕೈಮುಗಿಯುವುದು! ಆದೇಶ ಬಂದ ಹದಿಮೂರನೆಯ ದಿನ ಬೆಳಿಗ್ಗೆ ಹಿತ್ತಲಿನಿಂದ ಕೂಗು ಬಂತು: “ಅಂಜಿದ್ವೂ! ಅಂಜಿದ್ವೂ!” ಹಾವು ಬಂತೆಂದು ಓಣಿಯವರು ಕೋಲು ಹಿಡಿದು ಓಡಿಬಂದರು. ನಮ್ಮವು ನಿಧಾನವಾಗಿ, ಆದರೆ ಒಂದೂ ಬಿಡದೆ ಮುಚ್ಚಿಕೊಂಡಿದ್ದವು. ನಾನು ಕುಣಿದೆ. ಕಾಕಾ ಮಾತ್ರ ಕುಣಿಯಲಿಲ್ಲ. ಆದೇಶವನ್ನು ನನ್ನ ಕೈಗಿಟ್ಟು ಒಳಗೆ ಹೋದರು.

ನನ್ನ ಮೊದಲ ಬಸ್ಸು ಬನಹಟ್ಟಿಯಿಂದ ಜಮಖಂಡಿಯ ಮೇಲೆ ಸಾವಳಗಿಗೆ. ಟಿಕೆಟ್ ಕೊಡುತ್ತ ಹಿಂದಿನ ಸೀಟಿಗೆ ಬಂದರೆ ಕಾಕಾ!

“ಎಲ್ಲಿಗ್ರಿ?”

“ನೀ ಎಲ್ಲೀತನಾ ಹೊಕ್ಕೀ, ಅಲ್ಲೀತನಾ.”

ಸಾವಳಗಿಯ ಟಿಕೆಟ್ ಹರಿದುಕೊಟ್ಟೆ. ಮುಂದೊಬ್ಬ ದಪ್ಪ ಮೀಸೆಯವನು ಮುದುಕಿಯೊಬ್ಬಳ ಸೀಟು ಹಿಡಿದು ಕೂತಿದ್ದ. ಏಳೆಂದರೆ ನನ್ನನ್ನೇ ಗದರಿದ. ಕಾಕಾ ಅರ್ಧ ಎದ್ದರು. ಅಷ್ಟರಲ್ಲಿ ನಾನು, “ಗಾಡಿ ನಿಂದ್ರಸ್ರಿ ಡ್ರೈವರ್ ಸಾಹೇಬ್ರ! ಇವ್ರು ಎದ್ದ ಮ್ಯಾಲೆ ಹೋಗೂಣು,” ಎಂದು ಸೀಟಿ ಊದಿದೆ. ಇಡೀ ಬಸ್ಸು ಅವನತ್ತ ತಿರುಗಿತು. ಅವನು ಎದ್ದ. ಕಾಕಾ ಮೆಲ್ಲಗೆ ಕೂತರು.

ಜಮಖಂಡಿ ಬಂದಾಗ ಬಾಗಿಲಿಗೆ ಬಂದರು.

“ಕಾಕಾ, ನಿಮ್ಮ ಟಿಕೀಟು ಸಾವಳಗಿತನಾ ಐತಿ.”

“ಇರ್ಲಿ ಯವ್ವಾ. ನಾ ಇಲ್ಲೇ ಇಳೀತೇನಿ. ಮುಂದ ನೀ ಹೋಗು.”

ಇಳಿದವರು ತಿರುಗಿ ನೋಡಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನಡೆದರು. ಡ್ರೈವರ್ ಕಾಯುತ್ತಿದ್ದ. ಸೀಟಿ ನನ್ನ ಬಾಯಲ್ಲೇ ಇತ್ತು. ಕಾಕಾ ಮೂಲೆ ತಿರುಗಿದ ಮೇಲೆ ಊದಿದೆ.